ಕಂಸಕ್ಕೂ ತ್ರಿಜ್ಯಕ್ಕೂ ಒಂದೇ ಅಳತೆ

ಕಲಬುರಗಿ ಜಿಲ್ಲೆಯ ನಕ್ಷೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ಊರುಗಳನ್ನು ಗೆರೆ ಎಳೆದು ಸೇರಿಸಿ ನೋಡಿ. ಅಫಜಲಪುರದಲ್ಲಿ ಸುಮಾರು 86 ಡಿಗ್ರಿ, ಆಳಂದದಲ್ಲಿ 48, ಜೇವರ್ಗಿಯಲ್ಲಿ 46 ಡಿಗ್ರಿ ಕೋನವಿರುವ ತ್ರಿಭುಜ ಸಿಗುತ್ತದೆ. ಆಳಂದದಿಂದ ಜೇವರ್ಗಿಗೆ ಹಕ್ಕಿ ಹಾರುವ ದಾರಿ ಸುಮಾರು 64.5 ಕಿಲೋಮೀಟರ್. ಈ ಒಂದು ದೂರ ಕೈಯಲ್ಲಿದ್ದರೆ ಉಳಿದೆರಡನ್ನು ನೆಲದ ಮೇಲೆ ಅಳೆಯಬೇಕಿಲ್ಲ. 64.5 ಅನ್ನು 86 ಡಿಗ್ರಿಯ ಸೈನ್‌ನಿಂದ ಭಾಗಿಸಿ, 48 ಡಿಗ್ರಿಯ ಸೈನ್‌ನಿಂದ ಗುಣಿಸಿದರೆ ಅಫಜಲಪುರ–ಜೇವರ್ಗಿ ದೂರ 48 ಕಿಲೋಮೀಟರ್ ಎಂದು ಬರುತ್ತದೆ. 46 ಡಿಗ್ರಿಯ ಸೈನ್‌ನಿಂದ ಗುಣಿಸಿದರೆ ಆಳಂದ–ಅಫಜಲಪುರ ದೂರ 46.5.

ಈ ಸೈನ್ ಬೆಲೆಗಳನ್ನು ನಮ್ಮ ಮಕ್ಕಳು ಹತ್ತನೇ ತರಗತಿಯಲ್ಲಿ ಡಿಗ್ರಿಯಲ್ಲಿ ಕಲಿಯುತ್ತಾರೆ: 0, 30, 45, 60, 90. ಮುಂದಿನ ವರ್ಷ ಪಿಯುಸಿಗೆ ಕಾಲಿಟ್ಟ ಕೂಡಲೇ ಅದೇ 30 ಡಿಗ್ರಿ π/6 ರೇಡಿಯನ್ ಆಗುತ್ತದೆ. ಏಕೆ ಆಯಿತು ಎಂದು ಹೇಳುವವರು ಕಡಿಮೆ. 180ರಿಂದ ಭಾಗಿಸಿ π ಇಂದ ಗುಣಿಸು ಎಂಬ ಸೂತ್ರವೊಂದನ್ನು ಬಾಯಿಪಾಠ ಮಾಡಿ ಮುಂದೆ ಸಾಗುತ್ತಾರೆ. ಈ ವಿಷಯ ಬೆಳೆದು ಬಂದ ದಾರಿಯನ್ನು ನೋಡಿದರೆ, ರೇಡಿಯನ್ನಿನ ತಿರುಳು ಪಿಯುಸಿಯಲ್ಲಿ ಹೊಸದಾಗಿ ಬರುವ ಸಂಗತಿಯೇ ಅಲ್ಲ. ಸೈನ್ ಕೋಷ್ಟಕ ಈ ನೆಲದಲ್ಲಿ ಹುಟ್ಟಿದಾಗಲೇ ಅದು ಜೊತೆಗಿತ್ತು.

ವೃತ್ತವನ್ನು 360 ಪಾಲು ಮಾಡುವ ರೂಢಿ ಬ್ಯಾಬಿಲೋನಿಯದ್ದು. ಅದು ಮನುಷ್ಯರು ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು. 400 ಪಾಲು ಮಾಡಿದ್ದರೂ ವೃತ್ತಕ್ಕೇನೂ ಆಗುತ್ತಿರಲಿಲ್ಲ. ಗ್ರೀಕರಲ್ಲಿ ಹಿಪ್ಪಾರ್ಕಸ್, ಅವನ ನಂತರ ಟಾಲೆಮಿ, ಕೋನಕ್ಕೆ ಎದುರಾದ ಇಡೀ ಜ್ಯಾದ ಉದ್ದವನ್ನು ಲೆಕ್ಕ ಹಾಕಿದರು. ಟಾಲೆಮಿ ತ್ರಿಜ್ಯವನ್ನು 60 ಭಾಗ ಎಂದಿಟ್ಟುಕೊಂಡ. ಪರಿಧಿಗೆ ಒಂದು ಅಳತೆ, ತ್ರಿಜ್ಯಕ್ಕೆ ಇನ್ನೊಂದು.

ಭಾರತೀಯ ಗಣಿತಜ್ಞರು ಇಲ್ಲಿ ಎರಡು ಬದಲಾವಣೆ ಮಾಡಿದರು. ಇಡೀ ಜ್ಯಾದ ಬದಲು ಅರ್ಧ ಜ್ಯಾವನ್ನು ತೆಗೆದುಕೊಂಡರು. ಅದೇ ಇಂದಿನ ಸೈನ್. ಇದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದು ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡದು. ಪರಿಧಿಯಲ್ಲಿ 360 ಅಂಶ (ಅಂದರೆ ಡಿಗ್ರಿ), ಅಂಶಕ್ಕೆ 60 ಕಲೆ, ಒಟ್ಟು 21,600 ಕಲೆ. ತ್ರಿಜ್ಯವನ್ನೂ ಅದೇ ಕಲೆಯಲ್ಲಿ ಅಳೆದರೆ ಎಷ್ಟು? 21,600 ಅನ್ನು ಎರಡು π ಇಂದ ಭಾಗಿಸಿದರೆ 3438. ಕ್ರಿ.ಶ. 499ರ ಆರ್ಯಭಟೀಯದ ಸೈನ್ ಕೋಷ್ಟಕ ನಿಂತಿರುವುದು ಈ ಸಂಖ್ಯೆಯ ಮೇಲೆ. 3438 ಕಲೆ ಎಂದರೆ 57 ಅಂಶ 18 ಕಲೆ. ಇಂದಿನ ಪುಸ್ತಕದಲ್ಲಿ ಒಂದು ರೇಡಿಯನ್, ಅಂದರೆ ತ್ರಿಜ್ಯದಷ್ಟೇ ಉದ್ದದ ಕಂಸಕ್ಕೆ ಎದುರಾದ ಕೋನ, ಎಷ್ಟು ಎಂದು ನೋಡಿದರೆ ಸಿಗುವುದೂ ಇದೇ.

ಆರ್ಯಭಟ ಕೊಟ್ಟದ್ದು 24 ವ್ಯತ್ಯಾಸಗಳನ್ನು. ಕೋನ 225 ಕಲೆ, ಅಂದರೆ 3 ಅಂಶ 45 ಕಲೆ ಏರಿದಾಗಲೆಲ್ಲ ಸೈನ್ ಎಷ್ಟು ಏರುತ್ತದೆ ಎಂಬ ಪಟ್ಟಿ ಅದು: 225, 224, 222, 219, 215, 210, 205, 199, ಹೀಗೆ ಇಳಿಯುತ್ತಾ ಕೊನೆಗೆ 7. ಮೊದಲ ಎಂಟನ್ನು ಕೂಡಿದರೆ 1719. ಎಂಟು ಹೆಜ್ಜೆಗೆ 30 ಅಂಶ, ಮತ್ತು 1719 ಎಂಬುದು 3438ರ ಸರಿಯಾಗಿ ಅರ್ಧ. 30 ಡಿಗ್ರಿಯ ಸೈನ್ ಅರ್ಧ ಎಂಬುದು ಕೂಡುವ ಲೆಕ್ಕ ಮಾತ್ರ ಬರುವ ಹುಡುಗಿಗೂ ಇಲ್ಲಿ ಕಣ್ಣಿಗೆ ಕಾಣುತ್ತದೆ. ಏಳನೇ ಶತಮಾನದ ಮೊದಲನೆಯ ಭಾಸ್ಕರ ಕೋಷ್ಟಕವೂ ಬೇಡ ಎನ್ನುವಂಥ ಭಿನ್ನರಾಶಿಯ ಸೂತ್ರವೊಂದನ್ನು ಕೊಟ್ಟ. ಜೇವರ್ಗಿಯ ಅಕ್ಷಾಂಶವಾದ 17 ಡಿಗ್ರಿಗೆ ಅದು 0.2938 ಕೊಡುತ್ತದೆ, ನಿಜವಾದ ಬೆಲೆ 0.2924.

ನಮ್ಮ ಜಿಲ್ಲೆಯ ಪಾಲು ಎಲ್ಲಿ? ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹ ಮುಗಿಯುವುದು ನೆರಳಿನ ಲೆಕ್ಕದ ಅಧ್ಯಾಯದಿಂದ. ಅವನು ಸೈನ್ ಕೋಷ್ಟಕಕ್ಕೆ ಕೈ ಹಾಕಲಿಲ್ಲ. ಅದು ಜ್ಯೋತಿಷ ಸಿದ್ಧಾಂತಗಳ ಕ್ಷೇತ್ರ. ಆದರೆ ನೆರಳಿಗೂ ಸೈನ್‌ಗೂ ನಂಟು ಹತ್ತಿರದ್ದು. ಹಗಲು ರಾತ್ರಿ ಸಮವಾಗುವ ದಿನ ನಡುಮಧ್ಯಾಹ್ನ ಜೇವರ್ಗಿಯಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ನೆರಳು ಸುಮಾರು 30.6 ಸೆಂಟಿಮೀಟರ್; ಆಳಂದದಲ್ಲಿ 31.7. ಕೋಲಿನ ತುದಿಯಿಂದ ನೆರಳಿನ ತುದಿಗೆ ದಾರ ಹಿಡಿದು ಅಳೆದು, ನೆರಳನ್ನು ಆ ಉದ್ದದಿಂದ ಭಾಗಿಸಿದರೆ ಊರಿನ ಅಕ್ಷಾಂಶದ ಸೈನ್, ಕೋಲನ್ನು ಭಾಗಿಸಿದರೆ ಕೊಸೈನ್. ಹಿಂದಿನವರು ಹನ್ನೆರಡು ಅಂಗುಲದ ಶಂಕು ನೆಟ್ಟು ಮಾಡುತ್ತಿದ್ದದ್ದು ಇದನ್ನೇ. ಎರಡು ಊರುಗಳ ಶಾಲೆಗಳು ಒಂದೇ ದಿನ ಇದನ್ನು ಅಳೆದು ಹೋಲಿಸಿದರೆ ಸಿಗುವ ತಿಳಿವು ಯಾವ ಗೈಡ್ ಪುಸ್ತಕದಲ್ಲೂ ಸಿಗದು.

1114ರಲ್ಲಿ ಹುಟ್ಟಿದ ಎರಡನೆಯ ಭಾಸ್ಕರಾಚಾರ್ಯನ ಊರು ವಿಜ್ಜಡವಿಡ. ಅದು ಭೀಮೆಯಾಚೆಯ ನಮ್ಮ ವಿಜಯಪುರವೇ ಎನ್ನುವವರಿದ್ದಾರೆ. ಮೊಮ್ಮಗ ಚಾಂಗದೇವನ ಶಾಸನ ಸಿಕ್ಕ ಮಹಾರಾಷ್ಟ್ರದ ಪಾಟಣದ ಕಡೆಗೆ ಬೆರಳು ತೋರಿಸುವವರೂ ಇದ್ದಾರೆ. ಊರು ಯಾವುದಾದರೂ ಇರಲಿ, 1150ರ ಸಿದ್ಧಾಂತಶಿರೋಮಣಿಯ ಜ್ಯೋತ್ಪತ್ತಿ ಭಾಗದಲ್ಲಿ ಅವನು 18 ಮತ್ತು 36 ಡಿಗ್ರಿಗಳ ಸೈನ್‌ಗೆ ನಿಖರ ಸೂತ್ರ ಕೊಟ್ಟ, ಎರಡು ಕೋನಗಳ ಮೊತ್ತದ ಸೈನ್ ಕಂಡುಹಿಡಿಯುವ ವಿಧಾನ ಹೇಳಿದ. ಗ್ರಹಗಳ ಆ ಕ್ಷಣದ ವೇಗವನ್ನು ಲೆಕ್ಕ ಹಾಕುವಾಗ, ಸೈನ್ ಏರುವ ವೇಗ ಕೊಸೈನ್‌ಗೆ ಅನುಗುಣವಾಗಿರುತ್ತದೆ ಎಂಬುದನ್ನು ಬಳಸಿದ. ಆರ್ಯಭಟನ ಪಟ್ಟಿಯಲ್ಲೇ ಇದನ್ನು ಪರೀಕ್ಷಿಸಬಹುದು. 30 ಅಂಶ ದಾಟಿದ ಮೇಲಿನ ಹೆಜ್ಜೆಯ ವ್ಯತ್ಯಾಸ 191. ಅದನ್ನು 225ರಿಂದ ಭಾಗಿಸಿದರೆ 0.849. ಆ ಹೆಜ್ಜೆಯ ನಡುವಿನ ಕೋನ 31.875 ಡಿಗ್ರಿ; ಅದರ ಕೊಸೈನ್ ಕೂಡ 0.849. ನಡುವೆ ಬೇರೆ ಯಾವ ಗುಣಕವೂ ಬೇಕಾಗಲಿಲ್ಲ, ಏಕೆಂದರೆ ಕಂಸವನ್ನೂ ಸೈನ್ ಅನ್ನೂ ಅಳೆದದ್ದು ಒಂದೇ ಕಲೆಯಲ್ಲಿ.

1400ರ ಆಸುಪಾಸು ಅಚ್ಚರಿ ಹುಟ್ಟಿಸುವ ಕಾಲ. ಕಲಬುರಗಿಯಿಂದ ಆಳಿದ ಫಿರೋಜ್ ಷಾ ಬಹಮನಿ (1397–1422) ಜೇವರ್ಗಿಯ ದಾರಿಯಲ್ಲಿ ಭೀಮಾ ದಂಡೆಯ ಮೇಲೆ ಫಿರೋಜಾಬಾದ್ ಕಟ್ಟಿದವನು. ರೇಖಾಗಣಿತ, ಖಗೋಳಗಳಲ್ಲಿ ಅವನಿಗಿದ್ದ ಆಸಕ್ತಿಯನ್ನು ಚರಿತ್ರೆಕಾರ ಫಿರಿಷ್ತಾ ದಾಖಲಿಸಿದ್ದಾನೆ. ದೌಲತಾಬಾದಿನಲ್ಲಿ ಅವನು ಶುರು ಮಾಡಿಸಿದ ವೀಕ್ಷಣಾಲಯ ಪೂರ್ತಿಯಾಗಲಿಲ್ಲ. ಅದೇ ತಲೆಮಾರಿನಲ್ಲಿ ಸಮರ್‌ಕಂದದ ಅಲ್‌ಕಾಶಿ ಒಂದು ಡಿಗ್ರಿಯ ಸೈನ್ ಅನ್ನು ಅತ್ಯಂತ ಸೂಕ್ಷ್ಮವಾಗಿ ಲೆಕ್ಕ ಹಾಕಿದ. ಕೇರಳದ ಸಂಗಮಗ್ರಾಮದ ಮಾಧವ ತ್ರಿಜ್ಯವನ್ನು 3437 ಕಲೆ 44 ವಿಕಲೆ 48 ತತ್ಪರೆಯವರೆಗೆ (ವಿಕಲೆ ಕಲೆಯ, ತತ್ಪರೆ ವಿಕಲೆಯ ಅರವತ್ತನೇ ಒಂದು ಭಾಗ) ತಿದ್ದಿ, ಸೈನ್‌ಗೆ ಅನಂತ ಶ್ರೇಣಿಯನ್ನೇ ಕಂಡುಕೊಂಡ: ಕಂಸ, ಅದರಲ್ಲಿ ಕಂಸದ ಘನದ ಆರನೇ ಒಂದು ಭಾಗ ಕಳೆದು, ಐದನೇ ಘಾತದ 120ನೇ ಒಂದು ಭಾಗ ಕೂಡಿ, ಹೀಗೆ ಮುಂದಕ್ಕೆ. 30 ಡಿಗ್ರಿಯ ಕಂಸ ತ್ರಿಜ್ಯದ 0.5236 ಪಾಲು. ಇದರಿಂದ 0.0239 ಕಳೆದು 0.0003 ಕೂಡಿದರೆ ಮೂರೇ ಪದಗಳಲ್ಲಿ 0.5000. ಅದೇ ಶ್ರೇಣಿಯಲ್ಲಿ ಕಂಸದ ಜಾಗಕ್ಕೆ 30 ಎಂದೇ ಹಾಕಿದರೆ ಎರಡನೇ ಪದವೇ 4500 ಆಗಿ ಲೆಕ್ಕ ಹಳಿ ತಪ್ಪುತ್ತದೆ. ಡಿಗ್ರಿ ಇದ್ದೂ ರೇಡಿಯನ್ ಏಕೆ ಬೇಕಾಯಿತು ಎಂಬುದಕ್ಕೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ಯುರೋಪಿನಲ್ಲಿ ರೋಜರ್ ಕೋಟ್ಸ್ 18ನೇ ಶತಮಾನದ ಆರಂಭದಲ್ಲಿ ಈ ಅಳತೆಯನ್ನು ಗುರುತಿಸಿದ. 1748ರಲ್ಲಿ ಆಯ್ಲರ್ ತ್ರಿಜ್ಯವನ್ನು 1 ಎಂದಿಟ್ಟು ಸೈನ್ ಅನ್ನು ಉದ್ದದ ಬದಲು ಅನುಪಾತದ ಹಾಗೆ ನಡೆಸಿಕೊಂಡ. ರೇಡಿಯನ್ ಎಂಬ ಹೆಸರು ಅಚ್ಚಾದದ್ದು 1873ರಲ್ಲಿ, ಬೆಲ್‌ಫಾಸ್ಟ್‌ನ ಜೇಮ್ಸ್ ಥಾಮ್ಸನ್ ಸಿದ್ಧಪಡಿಸಿದ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ.

ಅಷ್ಟರಲ್ಲಿ ದಖ್ಖನಿನಲ್ಲಿ ಸೈನ್ ನೆಲಕ್ಕಿಳಿದಿತ್ತು. 1802ರಲ್ಲಿ ಮದ್ರಾಸಿನಲ್ಲಿ ಆಧಾರರೇಖೆ ಅಳೆದು ತ್ರಿಕೋನಮಿತೀಯ ಸರ್ವೆ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್, 1815ರಲ್ಲಿ ಬೀದರ್ ಬಳಿ ಇನ್ನೊಂದು ಆಧಾರರೇಖೆ ಅಳೆದ. ಕೋನಗಳನ್ನು ಥಿಯೋಡೊಲೈಟ್ ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಓದುತ್ತಿತ್ತು. ಆದರೆ ಭೂಮಿ ಗುಂಡಗಿರುವುದರಿಂದ ದೊಡ್ಡ ತ್ರಿಭುಜದ ಮೂರು ಕೋನ ಕೂಡಿದರೆ 180 ಡಿಗ್ರಿಗಿಂತ ತುಸು ಹೆಚ್ಚು ಬರುತ್ತದೆ. ನಮ್ಮ ಮೂರು ಊರುಗಳ ತ್ರಿಭುಜದ ವಿಸ್ತೀರ್ಣ ಸುಮಾರು 1,116 ಚದರ ಕಿಲೋಮೀಟರ್. ಅದನ್ನು ಭೂಮಿಯ ತ್ರಿಜ್ಯವಾದ 6,371ರ ವರ್ಗದಿಂದ ಭಾಗಿಸಿದರೆ ಆ ಹೆಚ್ಚುವರಿ ನೇರವಾಗಿ ರೇಡಿಯನ್ನಿನಲ್ಲಿ ಸಿಗುತ್ತದೆ. ಸೆಕೆಂಡಿಗೆ ತಿರುಗಿಸಿದರೆ ಐದೂವರೆಗಿಂತ ತುಸು ಮೇಲೆ. ಕ್ಷೇತ್ರದಲ್ಲಿ ಡಿಗ್ರಿ, ಲೆಕ್ಕದ ಮೇಜಿನ ಮೇಲೆ ರೇಡಿಯನ್ ಎಂಬ ಕೆಲಸದ ಹಂಚಿಕೆ ಸರ್ವೆಯವರಲ್ಲಿ ಹೀಗೆ ನೆಲೆಯಾಯಿತು.

1948ರವರೆಗೆ ಈ ತಾಲ್ಲೂಕುಗಳು ನಿಜಾಮರ ಸಂಸ್ಥಾನದಲ್ಲಿದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಮಾಧ್ಯಮ ಉರ್ದುವಾಗಿತ್ತು. 1956ರ ಏಕೀಕರಣದ ಬಳಿಕ ಕನ್ನಡ ಪಠ್ಯಪುಸ್ತಕ ಬಂತು, ಕ್ಲಾರ್ಕ್ಸ್ ಟೇಬಲ್ ಎಂಬ ಗಣಿತ ಕೋಷ್ಟಕಗಳ ಪುಸ್ತಕ ಬಂತು, ಈಗ ಕೈಯಲ್ಲಿ ಕ್ಯಾಲ್ಕುಲೇಟರ್ ಇದೆ. ಅದನ್ನು ರೇಡಿಯನ್ ಸ್ಥಿತಿಯಲ್ಲಿಟ್ಟು 30ರ ಸೈನ್ ಕೇಳಿದರೆ ಋಣ 0.988 ಎನ್ನುತ್ತದೆ. ಯಂತ್ರದ ಉತ್ತರ ಸರಿ. ಅದು 30 ತ್ರಿಜ್ಯದಷ್ಟು ಉದ್ದದ ಕಂಸವನ್ನು ವೃತ್ತದ ಮೇಲೆ ನಾಲ್ಕು ಸುತ್ತಿಗೂ ಮಿಗಿಲಾಗಿ ಸುತ್ತಿದೆ.

ಪಿಯುಸಿಯಲ್ಲಿ ಸೈನ್‌ನ ಅವಕಲನ ಕೊಸೈನ್ ಎಂದು ಕಲಿಸುತ್ತಾರೆ. ಡಿಗ್ರಿ ಕೋಷ್ಟಕ ಹಿಡಿದು ಪರೀಕ್ಷಿಸುವ ವಿದ್ಯಾರ್ಥಿಗೆ 30ರಿಂದ 31 ಡಿಗ್ರಿಗೆ ಸೈನ್ ಏರಿದ್ದು ಬರೀ 0.01504 ಎಂದು ಕಂಡು ಗೊಂದಲವಾಗುತ್ತದೆ. ಒಂದು ಡಿಗ್ರಿ ಎಂದರೆ ತ್ರಿಜ್ಯದ 0.01745 ಪಾಲು ಎಂದು ನೆನಪಿಸಿ, ಅದರಿಂದ ಭಾಗಿಸಲು ಹೇಳಿದರೆ 0.862 ಬರುತ್ತದೆ, ಅದು ಮೂವತ್ತೂವರೆ ಡಿಗ್ರಿಯ ಕೊಸೈನ್. ಆರ್ಯಭಟನ 24 ಸಂಖ್ಯೆಗಳು ಪುಸ್ತಕದ ಅರ್ಧ ಪುಟಕ್ಕಿಂತ ಹೆಚ್ಚು ಜಾಗ ಕೇಳುವುದಿಲ್ಲ. ಅವನ್ನು ಹತ್ತನೇ ತರಗತಿಯ ತ್ರಿಕೋನಮಿತಿ ಅಧ್ಯಾಯದಲ್ಲೇ, 3438 ಎಲ್ಲಿಂದ ಬಂತು ಎಂಬ ವಿವರಣೆಯ ಜೊತೆ ಕೊಡಬೇಕು.