ಮುಟ್ಟು ತರಿಸುವ ಮಾತ್ರೆ: ಒಂದು ನಿಷೇಧದ ಪೂರ್ವಾಪರ

ಮುಟ್ಟು ತಪ್ಪಿದ ಮೇಲಷ್ಟೇ ಹೆಣ್ಣಿಗೆ ಬಸಿರಿನ ಅನುಮಾನ ಹುಟ್ಟುವುದು ರೂಢಿ; ಆದರೆ ತಿಂಗಳು ತಿಂಗಳಿಗೆ ಸರಿಯಾಗಿ ಮುಟ್ಟಾಗುವವಳಲ್ಲಿ ಅಷ್ಟು ಹೊತ್ತಿಗಾಗಲೇ ಗರ್ಭ ಕಟ್ಟಿ ಸುಮಾರು ಎರಡು ವಾರ ಕಳೆದಿರುತ್ತವೆ. ಇನ್ನೂ ಒಂದೆರಡು ವಾರ ನೋಡೋಣ ಎಂದು ಮನೆಯವರು ಸುಮ್ಮನಿರುವ ಆ ದಿನಗಳಲ್ಲೇ ಭ್ರೂಣದ ನರನಾಳ, ಎಂದರೆ ಮುಂದೆ ಮಿದುಳೂ ಬೆನ್ನುಹುರಿಯೂ ಆಗಿ ಬೆಳೆಯಬೇಕಾದ ಕೊಳವೆ, ಮಡಚಿಕೊಂಡು ಮುಚ್ಚಿಕೊಳ್ಳುತ್ತದೆ. ಗರ್ಭ ಕಟ್ಟಿದ 28ನೆಯ ದಿನದ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ಹೃದಯ, ಕೈಕಾಲು, ಕಣ್ಣು, ಕಿವಿಗಳು ರೂಪು ತಳೆಯುವುದೂ ಮೂರನೆಯ ವಾರದಿಂದ ಎಂಟನೆಯ ವಾರದೊಳಗೆ. ವೈದ್ಯಶಾಸ್ತ್ರ ಇದನ್ನು ಅಂಗರಚನೆಯ ಕಾಲವೆಂದು ಕರೆಯುತ್ತದೆ, ಹೊರಗಿನ ಔಷಧ ಭ್ರೂಣವನ್ನು ಕೆಡಿಸುವ ಭಯವೂ ಆಗಲೇ ಹೆಚ್ಚು. ಇಪ್ಪತ್ತನೆಯ ಶತಮಾನದ ವೈದ್ಯ ಚರಿತ್ರೆಯ ಒಂದು ವಿಚಿತ್ರವೆಂದರೆ, ಸರಿಯಾಗಿ ಇದೇ ವಾರಗಳಲ್ಲಿ, ಬಸಿರು ಹೌದೋ ಅಲ್ಲವೋ ಎಂದು ತಿಳಿಯುವುದಕ್ಕಾಗಿಯೇ ಹೆಂಗಸರಿಗೆ ಹಾರ್ಮೋನ್ ಮಾತ್ರೆ ನುಂಗಿಸುವ ಪದ್ಧತಿ ಹಲವು ದೇಶಗಳಲ್ಲಿ ಹುಟ್ಟಿ ದಶಕಗಳ ಕಾಲ ಬಾಳಿತು.

ಬಸಿರನ್ನು ಬೇಗ ಗುರುತಿಸಬೇಕೆಂಬ ಆಸೆ ಹೊಸದಲ್ಲ. ಪ್ರಾಚೀನ ಈಜಿಪ್ಟಿನಲ್ಲಿ ಗೋಧಿ ಮತ್ತು ಬಾರ್ಲಿ ಕಾಳುಗಳ ಮೇಲೆ ಹೆಂಗಸಿನ ಮೂತ್ರ ಹಾಕಿ, ಅವು ಮೊಳೆಯುತ್ತವೆಯೇ ಎಂದು ಕಾಯುತ್ತಿದ್ದ ದಾಖಲೆಗಳಿವೆ. ನಂಬಬಹುದಾದ ಮೊದಲ ಪರೀಕ್ಷೆ ಬಂದದ್ದು 1920ರ ದಶಕದ ಕೊನೆಗೆ, ಬರ್ಲಿನ್ನಿನಲ್ಲಿ. ಸೆಲ್ಮಾರ್ ಆಷ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝಾಂಡೆಕ್ ಎಂಬ ಇಬ್ಬರು ವೈದ್ಯರು ಗರ್ಭಿಣಿಯ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ಅನಂತರ ಇಲಿಗಳನ್ನು ಕೊಯ್ದು ಅವುಗಳ ಅಂಡಾಶಯ ಬಲಿತಿದೆಯೇ ಎಂದು ನೋಡುತ್ತಿದ್ದರು. ಇಲಿಯ ಬದಲು ಮೊಲ ಬಂತು, ಅದರ ಬೆನ್ನಿಗೆ ಆಫ್ರಿಕಾದ ಒಂದು ಜಾತಿಯ ಕಪ್ಪೆ ಬಂತು. ಕಪ್ಪೆಯನ್ನು ಕೊಲ್ಲಬೇಕಾಗಿರಲಿಲ್ಲ, ಬಸಿರು ನಿಜವಾದರೆ ಅದು ಒಂದು ದಿನದೊಳಗೆ ಮೊಟ್ಟೆಯಿಡುತ್ತಿತ್ತು. ಇವೆಲ್ಲಕ್ಕೂ ಪ್ರಯೋಗಶಾಲೆ, ಪ್ರಾಣಿಗಳ ಸಾಕಣೆ, ತರಬೇತಾದ ಕೈ ಬೇಕಿದ್ದುದರಿಂದ ಸಣ್ಣ ಊರಿನ ವೈದ್ಯನ ಪಾಲಿಗೆ ಅವು ದೂರದ ಮಾತಾಗಿದ್ದವು.

ಆ ಕೊರತೆಯನ್ನು ತುಂಬಲು ಬಂದದ್ದೇ ಮಾತ್ರೆ. ಗರ್ಭಕೋಶದ ಒಳಪದರವನ್ನು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಹಿಡಿದಿಟ್ಟುಕೊಂಡಿರುತ್ತದೆ. ಬಸಿರಿಲ್ಲದವಳಿಗೆ ಆ ಜಾತಿಯ ಔಷಧವನ್ನು ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನಿನೊಡನೆ ಕೊಟ್ಟು ಥಟ್ಟನೆ ನಿಲ್ಲಿಸಿದರೆ, ಆಸರೆ ತಪ್ಪಿದ ಒಳಪದರ ಕಳಚಿ ಕೆಲವೇ ದಿನಗಳಲ್ಲಿ ರಕ್ತಸ್ರಾವವಾಗುತ್ತದೆ. ಬಸಿರಿರುವವಳಲ್ಲಿ ದೇಹವೇ ಪ್ರೊಜೆಸ್ಟೆರಾನನ್ನು ಸತತವಾಗಿ ತಯಾರಿಸುತ್ತಿರುವುದರಿಂದ ಹೊರಗಿನದು ನಿಂತರೂ ಸ್ರಾವವಾಗುವುದಿಲ್ಲ. ಇಲಿಯ ಪರೀಕ್ಷೆಯನ್ನು ಕಂಡುಹಿಡಿದ ಝಾಂಡೆಕ್‌ರೇ 1940ರ ದಶಕದಲ್ಲಿ ನಿಂತ ಮುಟ್ಟನ್ನು ಈ ಎರಡು ಹಾರ್ಮೋನುಗಳಿಂದ ತರಿಸುವ ಸರಳ ಚಿಕಿತ್ಸೆಯನ್ನೂ ಬರೆದರು. ಚಿಕಿತ್ಸೆಯೇ ಪರೀಕ್ಷೆಯಾಗಲು ಹೆಚ್ಚು ಕಾಲ ಬೇಕಾಗಲಿಲ್ಲ: ಮಾತ್ರೆ ಕೊಡು, ಸ್ರಾವವಾದರೆ ಬಸಿರಲ್ಲ, ಆಗದಿದ್ದರೆ ಬಸಿರು. ಈ ತರ್ಕದಲ್ಲಿ ಒಂದು ಹುಳುಕಿದೆ. ಉತ್ತರ ‘ಹೌದು’ ಎಂದು ಬರುವ ಹೊತ್ತಿಗೆ, ಪ್ರಶ್ನೆ ಕೇಳಲು ಬಳಸಿದ ಔಷಧ ತಾಯಿಯ ರಕ್ತವನ್ನು ಸೇರಿ ಆಗಿರುತ್ತದೆ.

ಬ್ರಿಟನ್ನಿನಲ್ಲಿ ಈ ಮಾತ್ರೆ 1950ರ ದಶಕದ ಕೊನೆಯಿಂದ ಪ್ರೈಮೋಡೋಸ್ ಎಂಬ ಹೆಸರಿನಲ್ಲಿ, ಜರ್ಮನಿಯಲ್ಲಿ ಡುವೊಗೈನಾನ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಒಂದು ಪೊಟ್ಟಣದಲ್ಲಿ ಎರಡೇ ಮಾತ್ರೆ, ದಿನಕ್ಕೊಂದರಂತೆ ಎರಡು ದಿನ. ಒಂದೊಂದರಲ್ಲೂ ಪ್ರೊಜೆಸ್ಟೆರಾನಿನ ಕೃತಕ ರೂಪವಾದ ನೊರೆಥಿಸ್ಟೆರಾನ್ 10 ಮಿಲಿಗ್ರಾಂ. ಎಷ್ಟೋ ಸಲ ವೈದ್ಯರು ಚೀಟಿಯನ್ನೂ ಬರೆಯದೆ, ಕಂಪನಿಯ ಪ್ರತಿನಿಧಿ ಕೊಟ್ಟುಹೋದ ಮಾದರಿ ಪೊಟ್ಟಣವನ್ನು ಮೇಜಿನ ಡ್ರಾಯರಿನಿಂದ ತೆಗೆದು ಕೈಗಿತ್ತರೆಂದು ಆ ಕಾಲದ ಹೆಂಗಸರು ಮುಂದೆ ಹೇಳಿಕೊಂಡಿದ್ದಾರೆ. ಚೀಟಿಯಿಲ್ಲದ ಔಷಧಕ್ಕೆ ದಾಖಲೆ ಉಳಿಯುವುದಿಲ್ಲ, ದಾಖಲೆಯಿಲ್ಲದ ದೂರಿಗೆ ನ್ಯಾಯಾಲಯದಲ್ಲಿ ಕಾಲೂರಲು ನೆಲ ಸಿಗುವುದಿಲ್ಲ.

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಔಷಧವಾಗಿ ಮಾರುಕಟ್ಟೆಗೆ ಬಂದ ಥಾಲಿಡೋಮೈಡ್ ಎಳೆಬಸಿರಿನಲ್ಲಿ ವಾಂತಿ ತಡೆಯಲೂ ಬಳಕೆಯಾಗಿ, ಸಾವಿರಾರು ಮಕ್ಕಳು ಕೈಕಾಲು ಮೊಟಕಾಗಿ ಹುಟ್ಟಲು ಕಾರಣವಾಯಿತು. 1961ರ ನವೆಂಬರಿನಲ್ಲಿ ಅದನ್ನು ಅಲ್ಲಿ ಹಿಂತೆಗೆದುಕೊಂಡರು. ತಾಯಿಗೆ ಕೊಟ್ಟ ಔಷಧ ಮಗುವನ್ನು ಮುಟ್ಟುತ್ತದೆಂಬುದು ಆ ಮೇಲೆ ಯಾವ ವೈದ್ಯನಿಗೂ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಆದರೂ 1967ರಲ್ಲಿ ಇಸಬೆಲ್ ಗಾಲ್ ಎಂಬ ಮಕ್ಕಳ ವೈದ್ಯೆ ಬೆನ್ನುಹುರಿಯ ದೋಷದಿಂದ ಹುಟ್ಟಿದ ಮಕ್ಕಳ 100 ತಾಯಂದಿರನ್ನೂ ದೋಷವಿಲ್ಲದ ಮಕ್ಕಳ 100 ತಾಯಂದಿರನ್ನೂ ವಿಚಾರಿಸಿ, ಮೊದಲ ಗುಂಪಿನಲ್ಲಿ 19 ಮಂದಿ, ಎರಡನೆಯದರಲ್ಲಿ 4 ಮಂದಿ ಹಾರ್ಮೋನ್ ಪರೀಕ್ಷೆಗೆ ಒಳಗಾಗಿದ್ದರೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ, ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆಯಲು ಎಂಟು ವರ್ಷ ತೆಗೆದುಕೊಂಡಿತು. ಅಲ್ಲಿ ಮಾತ್ರೆ ಮಾರಾಟ ನಿಂತದ್ದು 1978ರಲ್ಲಿ.

ಭಾರತದಲ್ಲಿ ಈ ಮಾತ್ರೆಯ ಕಥೆ ಬೇರೆಯೇ ದಾರಿ ಹಿಡಿಯಿತು. ಇಲ್ಲಿ ಅದು ಪರೀಕ್ಷೆಯ ಮಾತ್ರೆಯಾಗಿ ಬಂದು, ಬಸಿರನ್ನು ಇಳಿಸುವ ಮಾತ್ರೆಯೆಂಬ ಹೆಸರು ಪಡೆಯಿತು. ಪರಂಗಿಹಣ್ಣು, ಎಳ್ಳುಬೆಲ್ಲ, ಕಷಾಯಗಳಿಂದ ತಪ್ಪಿದ ಮುಟ್ಟನ್ನು ತರಿಸಬಹುದೆಂಬ ನಂಬಿಕೆ ಕನ್ನಡನಾಡಿನ ಮನೆಗಳಲ್ಲೂ ಹಳೆಯದು. ‘ಬಸಿರು ತೆಗೆಸುವುದು’ ಎಂದರೆ ಪಾಪವಾಗುವ ಕಡೆ ‘ಮುಟ್ಟು ತರಿಸಿಕೊಳ್ಳುವುದು’ ಎಂದರೆ ಆರೋಗ್ಯದ ವಿಚಾರವಾಗುತ್ತದೆ. ಔಷಧದಂಗಡಿಯ ಕಟ್ಟೆಯ ಮುಂದೆ ನಿಂತು ಗಂಡನೋ ಅಕ್ಕಪಕ್ಕದ ಹಿರಿಯಳೋ ಮೆಲುದನಿಯಲ್ಲಿ ‘ಮುಟ್ಟಾಗೋ ಮಾತ್ರೆ’ ಕೇಳಿದರೆ, ಅದು ನಿಜವಾಗಿ ಯಾವುದಕ್ಕೆಂದು ಅಂಗಡಿಯವನು ಕೇಳಬೇಕಾಗಿಯೇ ಇರಲಿಲ್ಲ. 1971ರ ಕಾಯಿದೆ ಗರ್ಭಪಾತವನ್ನು ಕೆಲವು ಷರತ್ತುಗಳೊಡನೆ ಕಾನೂನುಬದ್ಧಗೊಳಿಸಿದ್ದರೂ, ಆಸ್ಪತ್ರೆಯ ದೂರ ಮತ್ತು ನಾಲ್ಕು ಜನರ ಬಾಯಿ ಎರಡಕ್ಕೂ ಹೆದರುತ್ತಿದ್ದವರಿಗೆ ಅಂಗಡಿಯ ಮಾತ್ರೆಯೇ ಹತ್ತಿರವಾಗಿತ್ತು. ನಿಜ ಬಸಿರಿದ್ದರೆ ಆ ಮಾತ್ರೆ ಅದನ್ನು ಇಳಿಸುತ್ತಿರಲಿಲ್ಲ. ಸ್ರಾವವಾಗದೆ ಹೋದಾಗ ಮತ್ತೊಂದು ಸುತ್ತು ನುಂಗಿದವರೂ ಉಂಟು. ಮಾತ್ರೆ ಸೋತು ಬಸಿರು ಮುಂದುವರಿದರೆ, ಹಾರ್ಮೋನಿನ ಭಾರ ಹೊರಬೇಕಾದದ್ದು ಒಳಗಿನ ಭ್ರೂಣ. ಪೊಟ್ಟಣದ ಮೇಲಿನ ಎಚ್ಚರಿಕೆಯಂತೂ ಇಂಗ್ಲಿಷಿನಲ್ಲಿತ್ತು.

ಕೇಂದ್ರದ ಔಷಧ ನಿಯಂತ್ರಕರು 1982ರಲ್ಲಿ ಹೆಚ್ಚು ಪ್ರಮಾಣದ ಈಸ್ಟ್ರೋಜನ್–ಪ್ರೊಜೆಸ್ಟೆರಾನ್ ಜೋಡಿ ಔಷಧಗಳನ್ನು ನಿಲ್ಲಿಸಲು ಹೊರಟರು. ತಯಾರಕರು ಹೈಕೋರ್ಟುಗಳ ಮೆಟ್ಟಿಲು ಹತ್ತಿ ತಡೆಯಾಜ್ಞೆ ತಂದರು. ನಿಷೇಧ ಕಾಗದದ ಮೇಲೆ ಉಳಿದು ಮಾರಾಟ ಮುಂದುವರಿಯಿತು. ಆಗ ಬೀದಿಗಿಳಿದವರು ಮಹಿಳಾ ಸಂಘಟನೆಗಳು, ದೆಹಲಿಯ ವಾಲಂಟರಿ ಹೆಲ್ತ್ ಅಸೋಸಿಯೇಷನ್, ಅದರಲ್ಲಿದ್ದ ವೈದ್ಯೆ ಮೀರಾ ಶಿವ ಮುಂತಾದವರು ಹಾಗೂ ಅಖಿಲ ಭಾರತ ಡ್ರಗ್ ಆಕ್ಷನ್ ನೆಟ್‌ವರ್ಕ್. ಕೇರಳದ ವಕೀಲ ವಿನ್ಸೆಂಟ್ ಪಣಿಕುಳಂಗರ ಅಪಾಯಕಾರಿ ಔಷಧಗಳೆಲ್ಲದರ ವಿರುದ್ಧ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ತೀರ್ಪು 1987ರ ಮಾರ್ಚಿನಲ್ಲಿ ಬಂದಾಗ, ಯಾವ ಔಷಧ ಇರಬೇಕು, ಯಾವುದು ಬೇಡ ಎಂಬುದು ತಜ್ಞರು ತೀರ್ಮಾನಿಸಬೇಕಾದ ವಿಷಯವೆಂದು ಸುಪ್ರೀಂ ಕೋರ್ಟು ಹಿಂಜರಿದರೂ, ಜನರ ಆರೋಗ್ಯ ಕಾಪಾಡುವುದು ಸರ್ಕಾರದ ಮೊದಲ ಹೊಣೆಗಳಲ್ಲೊಂದು ಎಂಬ ಮಾತನ್ನು ದಾಖಲಿಸಿತು. ಹಾರ್ಮೋನ್ ಮಾತ್ರೆಯ ಬಗ್ಗೆ ಸಾರ್ವಜನಿಕ ವಿಚಾರಣೆಗಳು ನಡೆದವು. ಅಲ್ಲಿ ಪ್ರಸೂತಿ ತಜ್ಞರಲ್ಲೇ ಒಂದು ಪಕ್ಷ ಮಾತ್ರೆಯ ಪರವಾಗಿ, ಅನಿಯಮಿತ ಮುಟ್ಟಿನ ಚಿಕಿತ್ಸೆಗೆ ಅದು ಬೇಕೆಂದು ವಾದಿಸಿತು. ಕೊನೆಗೆ 1988ರ ಜೂನಿನಲ್ಲಿ ನಿಷೇಧದ ಅಧಿಸೂಚನೆ ಹೊರಟಿತು.

ಮಾತ್ರೆ ನಿಜಕ್ಕೂ ಮಕ್ಕಳನ್ನು ಊನಗೊಳಿಸಿತೇ ಎಂಬ ಪ್ರಶ್ನೆಗೆ ಇಂದಿಗೂ ಒಂದೇ ಉತ್ತರವಿಲ್ಲ. ಬ್ರಿಟನ್ನಿನ ಸರ್ಕಾರಿ ತಜ್ಞರ ಗುಂಪು 2017ರಲ್ಲಿ, ಮಾತ್ರೆಯೇ ಕಾರಣವೆನ್ನಲು ಇರುವ ಸಾಕ್ಷ್ಯ ಸಾಲದೆಂದಿತು. ಮರುವರ್ಷ ಆಕ್ಸ್‌ಫರ್ಡಿನ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ, ಮಾತ್ರೆಗೂ ಕೆಲವು ಜನ್ಮದೋಷಗಳಿಗೂ ನಂಟು ಕಾಣುತ್ತದೆಂದರು. 2020ರಲ್ಲಿ ಬ್ಯಾರನೆಸ್ ಕಂಬರ್ಲೆಜ್ ನೇತೃತ್ವದ ಪರಿಶೀಲನೆ ಈ ಜಗಳವನ್ನು ಬದಿಗಿಟ್ಟು, 1967ರಲ್ಲಿ ಅನುಮಾನ ಹುಟ್ಟಿದಾಗಲೇ ಮಾತ್ರೆಯನ್ನು ನಿಲ್ಲಿಸಬೇಕಿತ್ತೆಂದು ಹೇಳಿತು. ಸರ್ಕಾರ ಕ್ಷಮೆ ಕೇಳಿತು. ಈ ನಿಲುವೇ ಸರಿಯಾದದ್ದು. ಏಕೆಂದರೆ 1960ರಲ್ಲೇ ಸ್ವೀಡನ್ನಿನ ಲೀಫ್ ವೀಡೆ ಮತ್ತು ಕಾರ್ಲ್ ಯೆಮ್‌ಸೆಲ್ ಪ್ರಾಣಿಯೂ ಬೇಡದ, ಮಾತ್ರೆಯೂ ಬೇಡದ ಮೂತ್ರ ಪರೀಕ್ಷೆಯನ್ನು ಕಂಡುಹಿಡಿದಿದ್ದರು. ಅಪಾಯ ಸಾಬೀತಾಗಿದೆಯೇ ಎಂದು ವರ್ಷಗಟ್ಟಲೆ ಕೇಳಿದವರು, ಈ ಮಾತ್ರೆಯ ಅಗತ್ಯವಾದರೂ ಏನೆಂದು ಮೊದಲು ಕೇಳಲಿಲ್ಲ.

ಇಂದು ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ದೊರೆಯುವ ತುರ್ತು ಗರ್ಭನಿರೋಧಕ ಮಾತ್ರೆ ಬೇರೆ ಜಾತಿಯದು. ಅದರಲ್ಲಿರುವ ಲೆವೊನೊರ್‌ಜೆಸ್ಟ್ರೆಲ್ ಎಂಬ ಹಾರ್ಮೋನು ಅಂಡ ಬಿಡುಗಡೆಯನ್ನು ಮುಂದೂಡಿ ಬಸಿರು ಕಟ್ಟದಂತೆ ತಡೆಯುತ್ತದೆ, ಕಟ್ಟಿದ ಬಸಿರನ್ನು ಇಳಿಸುವುದಿಲ್ಲ. ತಿಳಿಯದೆ ಬಸಿರಿನಲ್ಲಿ ನುಂಗಿದರೂ ಭ್ರೂಣಕ್ಕೆ ಕೇಡಾದದ್ದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಭಾರತದಲ್ಲಿ ಅದು 2005ರಿಂದ ಹೀಗೆ ಮಾರಾಟವಾಗುತ್ತಿದೆ. ಬಸಿರೋ ಅಲ್ಲವೋ ಎಂಬ ಹಳೆಯ ಪ್ರಶ್ನೆಗೆ ಈಗ ಹಳ್ಳಿಯಲ್ಲಿ ಉತ್ತರ ತರುವವಳು ಆಶಾ ಕಾರ್ಯಕರ್ತೆ. ಅವಳ ಚೀಲದಲ್ಲಿರುವ, ಕೆಲವೇ ಹನಿ ಮೂತ್ರ ಬಿಟ್ಟು ಕೆಲವು ನಿಮಿಷ ಕಾದರೆ ಗೆರೆ ಮೂಡಿಸುವ ಪುಟ್ಟ ಪಟ್ಟಿಗೆ ಸರ್ಕಾರ ಇಟ್ಟಿರುವ ಹೆಸರು ‘ನಿಶ್ಚಯ್’.