ಸಮಾಧಾನ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಬಾಯಿಂದ ಬಾಯಿಗೆ ಸವೆದರೂ ಕಾಂತಿಗೆಡದ ಪದಗಳಲ್ಲಿ ‘ಸಮಾಧಾನ’ವೂ ಒಂದು. ಅಳುವ ಸೊಸೆಗೆ ನೆರೆಮನೆಯ ಮುದುಕಿ ‘ಸಮಾಧಾನ ಮಾಡ್ಕೋ ಯವ್ವಾ’ ಎನ್ನುವಳು. ಹೊಲದ ಬದುವಿನ ಸಲುವಾಗಿ ದನಿಯೇರಿಸಿದ ಅಣ್ಣತಮ್ಮಂದಿರಿಗೆ ಕಟ್ಟೆಯ ಮೇಲಿನ ಹಿರಿಯರು ‘ಸಮಾಧಾನದಿಂದ ಮಾತಾಡ್ರಿ’ ಎನ್ನುವರು. ಅದೇ ಪದವನ್ನು ಕನ್ನಡದ ಬೈಬಲು ಉತ್ಥಿತನಾದ ಕ್ರಿಸ್ತನ ಬಾಯಲ್ಲಿ ಇರಿಸಿದೆ. ಯೆಶಾಯನು ಮುಂಗಂಡ ಶಿಶುವಿನ ಹೆಸರುಗಳಲ್ಲಿ ಒಂದು ‘ಸಮಾಧಾನದ ಪ್ರಭು’ ಎಂಬುದಾಗಿದೆ. 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡದಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನವರು ಈ ಪದವನ್ನು ಕಡಲಾಚೆಯಿಂದ ತರಬೇಕಾಗಿರಲಿಲ್ಲ. ಅದು ಇಲ್ಲಿಯದೇ ಆಗಿತ್ತು.

ಸಂಸ್ಕೃತದಲ್ಲಿ ಇದರ ಮೂಲಾರ್ಥ ಒಂದೆಡೆ ಕೂಡಿಸಿ ಇರಿಸುವುದು. ಇಳಕಲ್ಲಿನ ನೇಕಾರನು ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿಗೆ ಕೊಂಡಿ ತೊಡರಿಸಿ ಕೂಡಿಸುವಾಗ ಹತ್ತಿ ಹತ್ತಿಯಾಗಿಯೂ ರೇಷ್ಮೆ ರೇಷ್ಮೆಯಾಗಿಯೂ ಉಳಿಯುವಂತೆ, ಸಮಾಧಾನವು ಭಿನ್ನವಾದುದನ್ನು ಅಳಿಸದೆಯೇ ಸೇರಿಸುವ ಕಾರ್ಯ. ವೇದಾಂತಿಗಳಿಗೆ ಅದು ಚಿತ್ತದ ಏಕಾಗ್ರತೆ. ಶಾಸ್ತ್ರಚರ್ಚೆಯಲ್ಲಿ, ಎತ್ತಿದ ಶಂಕೆಗೆ ಕೊಡುವ ಉತ್ತರ. ಈ ಕಡೆಯ ಅರ್ಥವನ್ನು ನಮ್ಮ ಸಭೆಗಳು ಮರೆತಿರುವುದು ನನಗೆ ವ್ಯಥೆಯ ಸಂಗತಿ. ಅನ್ಯಾಯಕ್ಕೆ ಒಳಗಾದವನು ಬಾಯಿ ತೆರೆಯುತ್ತಲೇ ‘ಸಮಾಧಾನ ತಗೋ ತಮ್ಮಾ, ಪ್ರಾರ್ಥನೆ ಮಾಡು’ ಎಂದು ಎದ್ದು ಹೋಗುವವರುಂಟು. ಮೃದುವಾಗಿ ಆಡಿದ ಮಾತ್ರಕ್ಕೆ ಆ ಮಾತು ದಯೆಯ ಮಾತಾಗದು, ಏಕೆಂದರೆ ಅಲ್ಲಿ ಶಂಕೆಯನ್ನು ಕೇಳಿದವರೇ ಇಲ್ಲ.

ಬಾದಾಮಿಯ ಬಂಡೆಯ ಮೇಲೆ ಸುಮಾರು 700ನೆಯ ಇಸವಿಯ ಕಪ್ಪೆ ಅರಭಟ್ಟನ ಶಾಸನವುಂಟು. ನಮಗೆ ದೊರೆತಿರುವ ಅತಿ ಪ್ರಾಚೀನ ತ್ರಿಪದಿಗಳು ಅದರಲ್ಲಿವೆ. ಸಜ್ಜನರಿಗೆ ಸಜ್ಜನನಾಗಿ, ಮಧುರರಿಗೆ ಮಧುರನಾಗಿ, ಪೀಡಿಸಿದವರಿಗೆ ಮಾತ್ರ ವಿಪರೀತನಾಗಿ ನಿಲ್ಲುವ ಆ ವೀರನ ಋಜುತ್ವವನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮಲ್ಲಿ ಎಷ್ಟೋ ಮಂದಿ ಆ ಅಳತೆಗೂ ಮುಟ್ಟೆವು. ಹುನಗುಂದದ ಸೀಮೆಗೆ ಸೇರಿದ ಕೂಡಲಸಂಗಮದಲ್ಲಿ ಸಾಧನೆಗೈದ ಬಸವಣ್ಣನವರೂ ನುಡಿಯ ಶುದ್ಧಿಯನ್ನು ಶಿವಭಕ್ತಿಯ ಅಂಗವನ್ನಾಗಿಯೇ ಎಣಿಸಿದವರು. ಇಂಥ ನೆಲದಲ್ಲಿ ಬಾಳುವ ಕ್ರೈಸ್ತನಿಗೆ ಶಪಿಸುವವನನ್ನೂ ಹರಸಬೇಕೆಂಬ ಇನ್ನೂ ಕಠಿನವಾದ ವಿಧಿಯೊಂದುಂಟು. ಅದನ್ನು ಪಾಲಿಸದೆ ನೆರೆಯವರ ಮುಂದೆ ಅದರ ಹಿರಿಮೆಯನ್ನು ಸಾರುವುದು ಸಲ್ಲದು.

ನಾಲಗೆಯನ್ನು ಕಾಡನ್ನೇ ಸುಡಬಲ್ಲ ಕಿಡಿಗೆ ಹೋಲಿಸಿದ ಯಾಕೋಬನ ಪತ್ರಿಕೆಯ 3ನೆಯ ಅಧ್ಯಾಯವನ್ನು ಉಪದೇಶಕರು ಆಗಾಗ ಎತ್ತಿಕೊಳ್ಳುವರು. ಆದರೆ ಬಹುಮಟ್ಟಿಗೆ ಆ ಬೆಂಕಿಯ ಬಳಿಯೇ ನಿಂತುಬಿಡುವರು. ಅಧ್ಯಾಯವು ಮುಗಿಯುವುದು ಸಮಾಧಾನವನ್ನು ಬಿತ್ತುವವರ ಸುಗ್ಗಿಯಲ್ಲಿ. ಬಿತ್ತಿದ ಜೋಳವು ತೆನೆಯಾಗುವತನಕ ಕಾಯುವ ಒಕ್ಕಲಿಗನಿಗೆ, ಒಂದು ಒಳ್ಳೆಯ ಮಾತು ಒಡೆದ ಮನಸ್ಸಿನಲ್ಲಿ ಬೇರೂರಲು ಕಾಲ ಹಿಡಿಯುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಕ್ರಿಸ್ತನು ಶಿಷ್ಯರಿಗೆ ಮೂರು ಬಾರಿ ಸಮಾಧಾನವನ್ನು ನುಡಿಯುತ್ತಾನೆ. ಮೊದಲೆರಡು ಸಲ ತೋಮನು ಅಲ್ಲಿರಲಿಲ್ಲ. ಗಾಯಗಳನ್ನು ಕಂಡು ಮುಟ್ಟಿದ ಹೊರತು ತಾನು ನಂಬೆನೆಂದು ಅವನು ಜತೆಗಾರರಿಗೆ ನೇರವಾಗಿಯೇ ಹೇಳಿದನು. ಎಂಟು ದಿನಗಳ ಮೇಲೆ, ಬಾಗಿಲುಗಳು ಮುಚ್ಚಿರಲಾಗಿ, ಗುರುವು ಮತ್ತೆ ನಡುವೆ ನಿಂತು ಅದೇ ಪದವನ್ನು ಉಚ್ಚರಿಸಿದನು. ಆಮೇಲೆ ತೋಮನ ಕಡೆ ತಿರುಗಿ, ಅವನು ಏನನ್ನು ಕೇಳಿದ್ದನೋ ಅದನ್ನೇ, ತನ್ನ ಕೈಗಳನ್ನೂ ಪಕ್ಕೆಯನ್ನೂ, ಅವನ ಮುಂದೆ ಒಡ್ಡಿ, ಅದಾದ ಬಳಿಕವೇ ನಂಬೆಂದು ಹೇಳಿದನು.