ಬೆಕ್ಕಿನ ಕಚೇರಿ

ರಸಗಳ ಪಂಕ್ತಿಯಲ್ಲಿ ಹಾಸ್ಯಕ್ಕೆ ಪಂಡಿತರು ಕೊಟ್ಟಿರುವ ಮಣೆಯು ಅಷ್ಟೇನೂ ಎತ್ತರವಾದುದಲ್ಲ. ಭರತಮುನಿಯು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿ, ಹಲ್ಲು ತೋರದ ಸ್ಮಿತವನ್ನು ಉತ್ತಮಪ್ರಕೃತಿಯವರಿಗೂ, ಕಣ್ಣಲ್ಲಿ ನೀರು ತುಂಬಿ ಪಕ್ಕೆ ಹಿಡಿದುಕೊಂಡು ನಗುವ ಅತಿಹಸಿತವನ್ನು ಅಧಮಪ್ರಕೃತಿಯವರಿಗೂ ಹೇಳಿರುವನು. ಏಟು ತಿನ್ನುವುದು, ಜಾರಿ ಬೀಳುವುದು, ಬೆನ್ನಟ್ಟಿ ಓಡುವುದು ಇವುಗಳಿಂದ ಹುಟ್ಟುವ ನಗೆಯು ಈ ಕಡೆಯ ವರ್ಗಕ್ಕೆ ಸೇರಿದುದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇಂತಹ ನಗೆಯನ್ನೇ ಬಂಡವಾಳವಾಗಿ ಉಳ್ಳ ಏಳೆಂಟು ನಿಮಿಷಗಳ ಒಂದು ಚಿತ್ರವು ಮುಕ್ಕಾಲು ಶತಮಾನವನ್ನು ದಾಟಿ, ಇಂದಿಗೂ ಮಕ್ಕಳನ್ನೂ ಮುದುಕರನ್ನೂ ಒಂದೇ ಸಮನೆ ನಗಿಸುತ್ತಿರುವುದು. ಅದು ೧೯೪೭ರಲ್ಲಿ ಅಮೆರಿಕಾ ದೇಶದ ಎಂ.ಜಿ.ಎಂ. ಸಂಸ್ಥೆಯು ಬಿಡುಗಡೆ ಮಾಡಿದ ‘ದಿ ಕ್ಯಾಟ್ ಕನ್ಸರ್ಟೊ’. ಕನ್ನಡದಲ್ಲಿ ‘ಬೆಕ್ಕಿನ ಕಚೇರಿ’ ಎನ್ನಬಹುದು. ಇದರ ಆಕರ್ಷಣೆಯ ಮೂಲವು ಏಟಿನಲ್ಲಿದೆಯೇ, ಮತ್ತೆಲ್ಲಿಯಾದರೂ ಇದೆಯೇ ಎಂಬುದು ವಿಚಾರಾರ್ಹವಾದುದು.

ಬಡಿದಾಟದ ಹಾಸ್ಯವು ಹೊಸದಲ್ಲ. ಇಟಲಿಯಲ್ಲಿ ಹದಿನಾರನೆಯ ಶತಮಾನದಲ್ಲಿ ಬೆಳೆದ ‘ಕೊಮೆಡಿಯಾ ದೆಲ್ಲಾರ್ತೆ’ ಎಂಬ ನಾಟಕಸಂಪ್ರದಾಯದಲ್ಲಿ ಹಾಸ್ಯಗಾರನ ಕೈಯಲ್ಲಿ ಮರದ ಎರಡು ಪಟ್ಟಿಗಳನ್ನು ಜೋಡಿಸಿದ ಕೋಲೊಂದು ಇರುತ್ತಿತ್ತು. ಅದರಿಂದ ಹೊಡೆದರೆ ಶಬ್ದವು ಬಹಳ, ನೋವು ಸ್ವಲ್ಪ. ಈ ಬಗೆಯ ಹಾಸ್ಯಕ್ಕೆ ಇಂಗ್ಲಿಷಿನಲ್ಲಿ ಬಂದಿರುವ ‘ಸ್ಲ್ಯಾಪ್‌ಸ್ಟಿಕ್’ ಎಂಬ ಹೆಸರು ಆ ಕೋಲಿನದೇ. ಸಂಸ್ಕೃತ ನಾಟಕದ ವಿದೂಷಕನು ಹಿಡಿಯುವ ‘ಕುಟಿಲಕ’ವೆಂಬ ಡೊಂಕು ದೊಣ್ಣೆಯನ್ನು ಬಲ್ಲ ವಾಚಕರಿಗೆ ಇದು ಅಪರಿಚಿತವೆನಿಸದು. ಮೂಕಚಿತ್ರಗಳ ಕಾಲದಲ್ಲಿ ಚಾಪ್ಲಿನ್, ಕೀಟನ್ ಮೊದಲಾದವರು ಈ ಹಾಸ್ಯವನ್ನು ತೆರೆಯ ಮೇಲೆ ಮೆರೆಸಿದರು. ಚಿತ್ರಕಾರನ ಲೇಖನಿಗೆ ಅದು ಸಿಕ್ಕಿದ ಮೇಲೆ ನೋವೆಂಬ ಅಡ್ಡಿಯೂ ಕಳೆಯಿತು. ಬರೆದ ಬೆಕ್ಕು ಚಪ್ಪಟೆಯಾದರೂ ಮರುಕ್ಷಣದಲ್ಲಿ ಮೊದಲಿನಂತೆಯೇ ಎದ್ದು ನಿಲ್ಲುವುದು.

ಈ ಬೆಕ್ಕನ್ನೂ ಅದರ ಎದುರಾಳಿಯಾದ ಇಲಿಯನ್ನೂ ಸೃಷ್ಟಿಸಿದವರು ವಿಲಿಯಂ ಹ್ಯಾನ, ಜೋಸೆಫ್ ಬಾರ್ಬೆರ ಎಂಬ ಇಬ್ಬರು. ಇವರ ಮೊದಲ ಚಿತ್ರ ‘ಪುಸ್ ಗೆಟ್ಸ್ ದಿ ಬೂಟ್’ ಹೊರಬಂದುದು ೧೯೪೦ರಲ್ಲಿ. ಆಗ ಬೆಕ್ಕಿನ ಹೆಸರು ಜಾಸ್ಪರ್. ಟಾಮ್ ಮತ್ತು ಜೆರ್ರಿ ಎಂಬ ಹೆಸರುಗಳು ಅನಂತರ ಬಂದುವು. ಆ ಮೊದಲ ಚಿತ್ರದ ತೆರೆಯ ಮೇಲೆ ರುಡಾಲ್ಫ್ ಐಸಿಂಗ್ ಎಂಬ ಹಿರಿಯನ ಹೆಸರಿತ್ತೇ ಹೊರತು ಹ್ಯಾನ, ಬಾರ್ಬೆರರ ಹೆಸರು ಇರಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಚಿತ್ರಕ್ಕೆ ಆಧಾರವಾದುದು ಹಂಗೆರಿಯ ಫ್ರಾನ್ಸ್ ಲಿಸ್ಟ್ (೧೮೧೧–೧೮೮೬) ೧೮೪೭ರಲ್ಲಿ ರಚಿಸಿ ೧೮೫೧ರಲ್ಲಿ ಪ್ರಕಟವಾದ ಎರಡನೆಯ ‘ಹಂಗೇರಿಯನ್ ರಾಪ್ಸೊಡಿ’. ಅದರಲ್ಲಿ ಎರಡು ಭಾಗಗಳುಂಟು: ಮೊದಲನೆಯ ‘ಲಾಸ್ಸಾನ್’ ವಿಲಂಬಗತಿಯದು, ಗಂಭೀರವಾದುದು, ಎರಡನೆಯ ‘ಫ್ರಿಸ್ಕಾ’ ದ್ರುತಗತಿಯದು, ಉನ್ಮತ್ತವಾದುದು. ಕೊನೆಯ ಸಮೀಪದಲ್ಲಿ ವಾದಕನು ತನ್ನ ಮನೋಧರ್ಮಕ್ಕೆ ಬಂದಂತೆ ನುಡಿಸಲೆಂದು ಲಿಸ್ಟ್ ಒಂದಿಷ್ಟು ಎಡೆಯನ್ನೂ ಬಿಟ್ಟಿರುವನು. ಗಾಂಭೀರ್ಯವು ಹುಚ್ಚಾಗಿ ಪರಿಣಮಿಸುವ ಈ ಕ್ರಮವೇ ಚಿತ್ರದ ಕಥೆಯೂ ಆಗಿದೆ.

ಕಥೆಯು ಸರಳವಾದುದು. ಟಾಮ್ ಬಾಲದಂಗಿಯ ಕಪ್ಪು ಉಡುಪನ್ನು ಧರಿಸಿ ವಿದ್ವಾಂಸನ ಠೀವಿಯಿಂದ ವೇದಿಕೆಗೆ ಬಂದು, ಸಭೆಗೆ ನಮಿಸಿ, ಪಿಯಾನೊ ನುಡಿಸತೊಡಗುವುದು. ಆ ವಾದ್ಯದಲ್ಲಿ ಹಾರ್ಮೋನಿಯಮ್ಮಿನಲ್ಲಿರುವಂತೆ ಬಿಳಿ ಕರಿ ಮನೆಗಳಿರುವುವು. ಮನೆಯನ್ನೊತ್ತಿದರೆ ಒಳಗೆ ಚಿಕ್ಕ ಸುತ್ತಿಗೆಯೊಂದು ತಂತಿಯನ್ನು ಬಡಿಯುವುದು. ಆ ಸುತ್ತಿಗೆಗಳ ಮೇಲೆ ಮಲಗಿದ್ದ ಜೆರ್ರಿಗೆ ನಿದ್ರಾಭಂಗವಾಗುವುದು. ಮುಂದಿನದೆಲ್ಲ ಯುದ್ಧ. ಇಲಿಯು ಮುಚ್ಚಳವನ್ನು ಬೆಕ್ಕಿನ ಬೆರಳುಗಳ ಮೇಲೆ ಕೆಡಹುವುದು. ಕೆಲವು ಮನೆಗಳಿದ್ದೆಡೆಯಲ್ಲಿ ಇಲಿ ಹಿಡಿಯುವ ಬೋನನ್ನೇ ಇಡುವುದು. ಸುತ್ತಿಗೆಗಳ ಮೇಲೆ ಕುಣಿದು ರಾಪ್ಸೊಡಿಯ ನಡುವೆ ಆ ಕಾಲದ ಜನಪ್ರಿಯ ರೈಲುಹಾಡೊಂದನ್ನು ನುಗ್ಗಿಸುವುದು. ಬೆಕ್ಕೋ, ಕೈಗಳಿಂದ ಇಲಿಯನ್ನು ಬೆನ್ನಟ್ಟುತ್ತ ಕಾಲುಗಳಿಂದ ವಾದ್ಯವನ್ನು ನುಡಿಸುವುದು. ಇಷ್ಟಾದರೂ ಚಿತ್ರದಲ್ಲಿ ಒಂದು ಮಾತೂ ಇಲ್ಲ.

ಮನೆಯಲ್ಲಿಯೋ ಅಂಗಳದಲ್ಲಿಯೋ ಆಗಿದ್ದರೆ ಟಾಮ್ ಕಿರಿಚುತ್ತಿತ್ತು, ಓಡುತ್ತಿತ್ತು. ಇಲ್ಲಿ ಹಾಗೆ ಮಾಡುವಂತಿಲ್ಲ: ಎದುರಿಗೆ ಸಭೆಯಿದೆ, ಕೈಹಿಡಿದ ಕೃತಿ ಮುಗಿಯಬೇಕಾಗಿದೆ. ಬೆರಳು ಜಜ್ಜಿದರೂ ಮುಖದಲ್ಲಿ ಪ್ರಸನ್ನತೆ ಕೆಡಬಾರದು. ಆದುದರಿಂದ ಈ ಚಿತ್ರದ ನಗೆಯು ಏಟಿನಿಂದ ಹುಟ್ಟುವುದಲ್ಲ. ಏಟನ್ನು ನುಂಗಿಕೊಂಡು ಮರ್ಯಾದೆಯನ್ನು ಕಾಪಾಡಿಕೊಳ್ಳುವ ಪ್ರಯಾಸದಿಂದ ಹುಟ್ಟುವುದು. ಮಂಟಪದಲ್ಲಿ ಕೈಯಿಂದ ಸತ್ಕರಿಸುತ್ತ ಒಳಗೊಳಗೇ ಕುದಿಯುವ ಗೃಹಸ್ಥನೂ, ಹಲ್ಲುನೋವನ್ನು ಅದುಮಿಕೊಂಡು ಪಾಠ ಹೇಳುವ ಉಪಾಧ್ಯಾಯನೂ ಈ ಬೆಕ್ಕಿನ ಜ್ಞಾತಿಗಳೇ.

ತೆರೆಯ ಹಿಂದಿನ ದುಡಿಮೆಯೂ ಇದಕ್ಕೆ ತಕ್ಕದ್ದು. ಸೆಕೆಂಡಿಗೆ ೨೪ ಬಿಂಬಗಳಂತೆ ಏಳು ನಿಮಿಷಗಳಿಗೆ ೧೦,೦೦೦ಕ್ಕೆ ಮೇಲ್ಪಟ್ಟು ಬಿಂಬಗಳು ಬೇಕು. ಚಿತ್ರಕಾರರು ಸ್ವರಕ್ಕೆ ಹೊಂದುವಂತೆ ಬೆಕ್ಕಿನ ಬೆರಳುಗಳನ್ನು ತಕ್ಕ ಮನೆಗಳ ಮೇಲೆ ಇರಿಸಲು ಪಟ್ಟ ಶ್ರಮವು ಪಿಯಾನೊ ಬಲ್ಲವರ ಮೆಚ್ಚಿಕೆಯನ್ನು ಪಡೆದಿದೆ. ಸಂಗೀತವನ್ನು ಅಳವಡಿಸಿದವನು ಸ್ಕಾಟ್ ಬ್ರಾಡ್ಲಿ. ಗೊಂದಲವನ್ನು ಚಿತ್ರಿಸಲು ಇಷ್ಟೊಂದು ವ್ಯವಸ್ಥೆ ಬೇಕಾಯಿತು.

ಇದೇ ಕೃತಿ, ಇದೇ ಬಗೆಯ ಪಿಯಾನೊ, ಒಳಗೊಂದು ಇಲಿ ಇವುಗಳನ್ನೇ ಇಟ್ಟುಕೊಂಡು ವಾರ್ನರ್ ಸಂಸ್ಥೆಯ ಫ್ರಿಝ್ ಫ್ರೆಲೆಂಗನು ಮಾಡಿದ ‘ರಾಪ್ಸೊಡಿ ರ್‍ಯಾಬಿಟ್’ ಎಂಬ ಮೊಲದ ಚಿತ್ರವು ೧೯೪೬ರಲ್ಲಿಯೇ ಹೊರಬಂದಿತ್ತು. ಎರಡು ಸಂಸ್ಥೆಗಳವರೂ ಪರಸ್ಪರ ಕೃತಿಚೌರ್ಯದ ಆರೋಪವನ್ನು ಹೊರಿಸಿಕೊಂಡರು. ಕಡೆಗೆ ೧೯೪೬ನೆಯ ವರ್ಷದ ಆಸ್ಕರ್ ಪ್ರಶಸ್ತಿಯು ಬೆಕ್ಕಿಗೆ ಸಂದಿತು. ಟಾಮ್ ಜೆರ್ರಿ ಚಿತ್ರಗಳಿಗೆ ಒಟ್ಟು ಏಳು ಆಸ್ಕರ್ ಪ್ರಶಸ್ತಿಗಳು ಬಂದುವು. ಆದರೆ ಆಗಿನ ಪದ್ಧತಿಯಂತೆ ಅವುಗಳನ್ನು ಪಡೆದವನು ನಿರ್ಮಾಪಕನಾದ ಫ್ರೆಡ್ ಕ್ವಿಂಬಿ. ಅವನು ಆಡಳಿತವನ್ನು ನೋಡುವವನು, ಚಿತ್ರ ಬರೆಯುವವನಲ್ಲ. ೧೯೫೭ರಲ್ಲಿ ಸಂಸ್ಥೆಯು ವ್ಯಂಗ್ಯಚಿತ್ರಶಾಖೆಯನ್ನೇ ಮುಚ್ಚಿತು. ಹ್ಯಾನ, ಬಾರ್ಬೆರರು ತಮ್ಮದೇ ಹೆಸರಿನ ಸಂಸ್ಥೆಯನ್ನು ಕಟ್ಟಿಕೊಂಡರು.

ಈಗ ಚಿತ್ರದ ಮುಕ್ತಾಯವನ್ನು ನೋಡಬೇಕು. ಇಲಿಯು ಸುತ್ತಿಗೆಗಳನ್ನೇ ಕಿತ್ತು ತಂತಿಗಳ ಮೇಲೆ ಬಡಿದು ಕೊನೆಯ ಸ್ವರಗಳನ್ನು ಬೆಳೆಸುವುದು. ಬೆಕ್ಕು ಬಳಲಿ ಕುಸಿಯುವುದು. ಸಭೆಯು ಕರತಾಡನ ಮಾಡುವಾಗ ದೀಪದ ಬೆಳಕು ಇಲಿಯ ಮೇಲೆ ಬೀಳುವುದು. ಇಲಿಯೇ ನಮಿಸಿ ಗೌರವವನ್ನು ಸ್ವೀಕರಿಸುವುದು. ಆದಿಯಿಂದ ದುಡಿದವನೊಬ್ಬ, ಬೆಳಕಿಗೆ ಬಂದವನೊಬ್ಬ. ಇಲಿಯದು ಬರಿಯ ಕಳ್ಳತನವೆಂದೂ ಹೇಳಲಾಗದು. ಕವಿಯು ಬಿಟ್ಟ ಎಡೆಯಲ್ಲಿ ಅದೂ ತನ್ನ ಮನೋಧರ್ಮವನ್ನು ತೋರಿದೆ, ಕೃತಿಯನ್ನು ಮುಗಿಸಿಕೊಟ್ಟಿದೆ. ಆದರೂ ಬೆಕ್ಕಿನ ಪಾಲು ಬೆಕ್ಕಿಗೆ ಸಲ್ಲಲಿಲ್ಲ. ತಮ್ಮ ಮೊದಲ ಚಿತ್ರದಲ್ಲಿ ಹೆಸರನ್ನು ಕಾಣದೆ ಹೋದ ಇಬ್ಬರು ಕಲಾವಿದರೇ ಈ ಮುಕ್ತಾಯವನ್ನು ಬರೆದರೆಂಬುದು ಗಮನಾರ್ಹವಾದುದು. ಅವರು ಅದನ್ನು ದೂರಾಗಿ ಹೇಳದೆ ನಗೆಯಾಗಿ ಹೇಳಿರುವರು. ನೋಡುವವನು ಪಕ್ಕೆ ಹಿಡಿದು ನಗುವನು. ನಕ್ಕಾದ ಮೇಲೆ ಪಿಯಾನೊವಿನ ಮೇಲೆ ಒರಗಿದ ಬೆಕ್ಕಿನ ಕಡೆಗೆ ಅವನ ಮನಸ್ಸು ಒಂದು ಕ್ಷಣ ತಿರುಗುವುದು. ಅತಿಹಸಿತದ ಕೊನೆಯಲ್ಲಿ ಇಷ್ಟು ಕರುಣೆಯನ್ನು ಉಳಿಸಿ ಹೋಗುವ ಕೃತಿಯನ್ನು ಅಧಮವೆಂದು ಎಣಿಸುವುದು ಉಚಿತವಲ್ಲ.